ಕತ್ತರಿ ಡಾಕ್ಟ್ರು ಎದೆ ಕಟ್ಟೋದು ಕಲಿತದ್ದು

ನಮ್ಮತ್ತಿಗೆಗೆ ಆಸ್ಪತ್ರೆಯಲ್ಲಿ ಕತ್ತರಿ ಡಾಕ್ಟ್ರು ಅಂತಲೇ ಹೆಸರು. ಕ್ಯಾನ್ಸರ್ ಗಂಟು ಕಂಡರೆ ಎದೆಯನ್ನೇ ತೆಗೆದು, ಹೊಲಿದು ಕಳಿಸುವುದರಲ್ಲಿ ಎತ್ತಿದ ಕೈ. ನಾನು ಅದೇ ಥಿಯೇಟರಿನ ನರ್ಸು. ಮನೆಯಲ್ಲೂ ಅವಳೇ, ಕೆಲಸದಲ್ಲೂ ಅವಳೇ, ನನ್ನ ಹಣೆಬರಹ ನೋಡಿ!

ಒಂದು ದಿನ ಬಸ್ ಓಡಿಸುವ ಹೆಂಗಸೊಬ್ಬಳು ಬಂದಳು. "ಪೂರ್ತಿ ತೆಗೀತೀರಾ ಅಂದ್ರೆ ಆಪರೇಷನ್ನೇ ಬೇಡ. ಒಂದು ಹೆಡ್‌ಲೈಟ್ ಇಲ್ಲದ ಬಸ್ಸು ನಾನು ಓಡಿಸೋಳಲ್ಲ" ಅಂದಳು. ಅತ್ತಿಗೆ ಏನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹಾಗೇ ಬಿಟ್ಟರೆ ಗಂಟು ಅವಳನ್ನೇ ತಿಂದುಹಾಕುತ್ತಿತ್ತು. ಅತ್ತಿಗೆಗೆ ಊಟ ಸೇರಲಿಲ್ಲ.

ಅಷ್ಟರಲ್ಲಿ ನಮ್ಮ ಆಸ್ಪತ್ರೆಗೆ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಬಂದರು. ಗಂಟಷ್ಟೇ ತೆಗೆದು, ಉಳಿದದ್ದನ್ನು ಹೊಂದಿಸಿ ಎದೆಗೆ ಮತ್ತೆ ಆಕಾರ ಕೊಡುವುದನ್ನು ಕಲಿಸುತ್ತಾರಂತೆ. ವಯಸ್ಸಿನಲ್ಲಿ ಅತ್ತಿಗೆಗಿಂತ ಎಷ್ಟೋ ಚಿಕ್ಕವರು. ಇವಳು ಹೋಗಿ ಮೊದಲ ಬೆಂಚಿನಲ್ಲೇ ಕೂತಳು.

ಶುರುವಿನಲ್ಲೇ ಎಡವಟ್ಟು. ಕೊಯ್ಯುವ ಗೆರೆ ಹಾಕಿ ಅಂದರೆ ರೋಗಿಯನ್ನು ಮಲಗಿಸಿ ಹಾಕಿದಳು. ಇಷ್ಟು ವರ್ಷ ಮಲಗಿದ ಎದೆಯನ್ನೇ ನೋಡಿದವಳಲ್ಲವೇ! ಮೇಷ್ಟ್ರು ನಕ್ಕುಬಿಟ್ಟರು. "ಮೇಡಂ, ಇವರು ಮನೇಗೆ ಹೋಗಿ ಮಲಗೇ ಇರ್ತಾರಾ? ಎಬ್ಬಿಸಿ ನಿಲ್ಲಿಸಿ." ನಿಲ್ಲಿಸಿದರೆ, ದೇವರೇ, ಗೆರೆಗಳೆಲ್ಲ ಜಾರಿ ಹೊಕ್ಕುಳಿಗೆ ದಾರಿ ತೋರಿಸುತ್ತಿದ್ದವು!

ಅಲ್ಲಿಂದ ನಮ್ಮಣ್ಣನ ಗ್ರಹಚಾರ ಶುರುವಾಯಿತು. ತಿಂದು ತಿಂದು ಎದೆ ಬೆಳೆಸಿದ್ದಾನೆ ಮಹಾರಾಯ. ಬೆಳಿಗ್ಗೆ ಕಾಫಿಗೆ ಮೊದಲೇ ಅಂಗಿ ಬಿಚ್ಚಿಸಿ, ನಿಲ್ಲಿಸಿ, ನೇರಳೆ ಪೆನ್ನಿನಲ್ಲಿ ಗೆರೆ ಎಳೆಯುವಳು.

"ಉಸಿರು ಬಿಡಬೇಡ್ರೀ!"

"ಬಿಡದೆ ಸಾಯ್ಲೇನೇ?"

ಒಮ್ಮೆ ತೊಳೆಯದೆ ಹಾಗೇ ಬ್ಯಾಂಕಿಗೆ ಹೋದ. ಬೆವರಿಗೆ ಬಿಳಿ ಅಂಗಿಯ ಮೇಲೆ ಎರಡು ನೇರಳೆ ಸುತ್ತು ಮೂಡಿ, ಮ್ಯಾನೇಜರ್ ಎದುರು ಫೈಲು ಅಪ್ಪಿಕೊಂಡೇ ಕೂತಿದ್ದನಂತೆ. ಕೇಳಿ ನಾನು ನಕ್ಕಿದ್ದೇ ನಕ್ಕಿದ್ದು.

ಕೊನೆಗೆ ಅತ್ತಿಗೆ ಡ್ರೈವರಮ್ಮನಿಗೆ ಹೇಳಿ ಕಳಿಸಿದಳು. "ಗಂಟು ಮಾತ್ರ ತೆಗೀತೀನಿ, ಎದೆ ಉಳಿಸ್ತೀನಿ, ಬಾ." ಬಂದಳು. ಗೆರೆ ಹಾಕಿದ್ದು ನಿಲ್ಲಿಸಿಯೇ. ಗಂಟು ಹೊರಬಂತು, ಸುತ್ತಲಿನ ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲ ಅಂತ ಲ್ಯಾಬಿನಿಂದ ಫೋನೂ ಬಂತು. ಹೊಲಿಗೆ ಹಾಕಿ, ಆಪರೇಷನ್ ಮೇಜಿನ ತಲೆಭಾಗ ಎತ್ತಿ, ನಿದ್ದೆಯಲ್ಲಿದ್ದವಳನ್ನು ಕೂರಿಸಿದೆವು. ಅತ್ತಿಗೆ ಅವಳ ಕಾಲ ಬಳಿ ನಿಂತು ನೋಡಿದಳು. ಅಯ್ಯೋ! ಮೊಲೆತೊಟ್ಟು ಕಂಕುಳ ಕಡೆಗೆ ತಿರುಗಿತ್ತು.

"ಮೊದಲ ಸಲಕ್ಕೆ ಪರವಾಗಿಲ್ಲ ಮೇಡಂ" ಅಂದರು ಮೇಷ್ಟ್ರು.

"ಮೊದಲ ಸಲ ನನಗೆ ಕಣಪ್ಪಾ. ಅವಳಿಗಿರೋದು ಇದೊಂದೇ ಸಲ."

ಹಾಕಿದ್ದ ಹೊಲಿಗೆಯನ್ನೆಲ್ಲ ಬಿಚ್ಚಿದಳು. ನಾನು ಹೊಸ ದಾರ ಕೊಟ್ಟೆ, ಅವಳು ತೊಟ್ಟನ್ನು ನೆಟ್ಟಗೆ ತಿರುಗಿಸಿ ಮತ್ತೆ ಹೊಲಿದಳು. ಮತ್ತೆ ಕೂರಿಸಿದಾಗ ಮೇಷ್ಟ್ರು ಮಾಸ್ಕಿನೊಳಗೇ ಶಿಳ್ಳೆ ಹಾಕಿದರು.

ಪಟ್ಟಿ ಬಿಚ್ಚುವ ಬೆಳಿಗ್ಗೆ ಡ್ರೈವರಮ್ಮ ಕನ್ನಡಿಯಲ್ಲಿ ನೋಡಿಕೊಂಡಳು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು. ಅತ್ತಿಗೆ ನನ್ನ ಮುಂಗೈ ಹಿಡಿದು ಹಿಂಡುತ್ತಿದ್ದಳು.

ಡ್ರೈವರಮ್ಮ ಮುಖ ಸಿಂಡರಿಸಿ ಹೇಳಿದಳು: "ಡಾಕ್ಟ್ರೇ, ನೀವು ಮುಟ್ಟದೇ ಬಿಟ್ಟ ಇನ್ನೊಂದು ಇದರ ಪಕ್ಕ ಮುದುಕಿ ಥರ ಕಾಣ್ತಿದೆ. ಅದನ್ನೂ ಹೀಗೇ ಮಾಡಿಕೊಡಿ."

ಅತ್ತಿಗೆ ಅಲ್ಲೇ ಕುರ್ಚಿಯಲ್ಲಿ ಕುಸಿದು, ನಗುತ್ತಾ ಅಳುತ್ತಾ, "ಮೊದಲು ಇದು ಮಾಯಲಿ ತಾಯಿ" ಅಂದಳು.