ಮೂರು ಡಿಗ್ರಿ ಹೆಚ್ಚು

ತಂಡದಲ್ಲಿ ಅವಳನ್ನು ಎಲ್ಲರೂ ಬುಗುರಿ ಎನ್ನುತ್ತಿದ್ದರು. ಅವಳು ಹಾಕಿದ ಆಫ್‌ಸ್ಪಿನ್ ನೆಲ ಮುಟ್ಟಿದ್ದೇ ತಡ, ಗಿರ್ರನೆ ಒಳಕ್ಕೆ ತಿರುಗುತ್ತಿತ್ತು. ಹತ್ತೊಂಬತ್ತಕ್ಕೇ ದೇಶದ ತಂಡ ಸೇರಿದವಳು ಎಂಟು ವರ್ಷಗಳಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ ಕಿತ್ತಿದ್ದಳು. ಅಷ್ಟೂ ವರ್ಷ ಅವಳ ಜೊತೆ ಕೋಣೆ ಹಂಚಿಕೊಂಡವಳು ತಂಡದ ವಿಕೆಟ್‌ಕೀಪರ್. ಮಾತಿನಮಲ್ಲಿ, ನಿದ್ದೆಯಲ್ಲೂ ಅಪೀಲು ಮಾಡುವವಳು.

ಪ್ರವಾಸದ ಪಂದ್ಯವೊಂದು ಮುಗಿದ ಮೇಲೆ ಅಂಪೈರ್‌ಗಳು ದೂರು ಬರೆದರು: ಇವಳು ಬೌಲ್ ಮಾಡುತ್ತಿಲ್ಲ, ಚೆಂಡು ಎಸೆಯುತ್ತಿದ್ದಾಳೆ. ಪ್ರಯೋಗಾಲಯದಲ್ಲಿ ತೋಳಿಗೆ ಹೊಳೆಯುವ ಗುರುತಿನ ಗುಂಡಿಗಳನ್ನು ಅಂಟಿಸಿ, ಕ್ಯಾಮೆರಾಗಳ ನಡುವೆ ಬೌಲಿಂಗ್ ಮಾಡಿಸಿದರು. ಚೆಂಡು ಬಿಡುವಾಗ ಬಾಗಿದ ಮೊಣಕೈ ಹದಿನೈದು ಡಿಗ್ರಿಗಿಂತ ಹೆಚ್ಚು ನೆಟ್ಟಗಾಗಬಾರದು. ಅವಳದು ಹದಿನೆಂಟು. ಅಂದಿನಿಂದಲೇ ನಿಷೇಧ.

ಮೋಸಗಾತಿ ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಗೆಳತಿಯರು ಮೊದಮೊದಲು ದಿನಾ ಫೋನ್ ಮಾಡಿದರು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಅದೂ ಇಲ್ಲ. ಕೀಪರ್ ಕೂಡ ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತಿದ್ದಳು.

ಬುಗುರಿ ಅಮ್ಮನ ಮನೆಗೆ ಬಂದಳು. ಅಮ್ಮ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದಳು, ಬೆಳಗ್ಗೆ ಹೋದರೆ ಬರುವುದು ಸಂಜೆಗೇ. ಹಿಂದಿನ ಬೀದಿಯಲ್ಲಿ ಮುಚ್ಚಿಹೋಗಿದ್ದ ಬ್ಯಾಡ್ಮಿಂಟನ್ ಹಾಲ್ ಇತ್ತು. ಅಲ್ಲಿ ಒಂದೇ ಒಂದು ಸ್ಟಂಪ್ ನಿಲ್ಲಿಸಿ, ಮೊಣಕೈಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿಕೊಂಡು ಹೊಸದಾಗಿ ಕಲಿಯತೊಡಗಿದಳು. ಇಪ್ಪತ್ತನಾಲ್ಕು ಚೆಂಡು ಹಾಕುವುದು, ತಾನೇ ಹೋಗಿ ಆರಿಸಿಕೊಂಡು ಬರುವುದು, ಮತ್ತೆ ಹಾಕುವುದು. ಕೆಲವು ದಿನ ಸಂಜೆ ಬಾಯಿಬಿಟ್ಟರೆ ತನ್ನ ದನಿಯೇ ತನಗೆ ಹೊಸತೆನಿಸುತ್ತಿತ್ತು.

ಒಮ್ಮೆ ಊಟದ ಬಿಡುವಿನಲ್ಲಿ ಅಮ್ಮ ಬಂದು ಬಾಗಿಲಲ್ಲಿ ನಿಂತು ನೋಡಿದಳು.

"ಮೊದಲಿನ ಹಾಗೆ ತಿರುಗ್ತಾ ಇಲ್ಲ ಅಲ್ವಾ?"

"ಇಲ್ಲಮ್ಮ."

"ಸರಿ, ನೀನು ಹಾಕು. ನಾನು ಚೆಂಡು ಆರಿಸ್ತೀನಿ."

ಅರ್ಧ ಗಂಟೆ ಆರಿಸಿಕೊಟ್ಟು, ಸೊಂಟ ಹಿಡಿದುಕೊಂಡು ಕೆಲಸಕ್ಕೆ ಹೊರಟಳು. ಮತ್ತೆ ಬಿಡುವಾಗಲಿಲ್ಲ.

ಹತ್ತು ತಿಂಗಳ ನಂತರದ ಪರೀಕ್ಷೆಯಲ್ಲಿ ಹನ್ನೊಂದು ಡಿಗ್ರಿ ಬಂತು. ತಂಡಕ್ಕೆ ಮರಳಿದಾಗ ಕೀಪರ್ ನಾಯಕಿಯಾಗಿದ್ದಳು, ಒಬ್ಬೊಬ್ಬರಿಗೂ ಒಂದೊಂದು ಕೋಣೆ ಬಂದಿತ್ತು. ಮೊದಲ ಅಭ್ಯಾಸ ಮುಗಿದ ಮೇಲೆ ಅವಳು ಬುಗುರಿಯನ್ನು ಪಕ್ಕಕ್ಕೆ ಕರೆದಳು.

"ನಂಗೆ ಗೊತ್ತಿತ್ತು ಕಣೇ. ಸ್ಟಂಪ್ ಹಿಂದೆ ನಿಂತವಳು ನಾನೇ ಅಲ್ವಾ? ದೂರಿಗೂ ಎರಡು ವರ್ಷ ಮೊದಲಿಂದ ನಿನ್ನ ಮೊಣಕೈ ನೋಡ್ತಿದ್ದೆ. ವಿಕೆಟ್ ಬೀಳ್ತಿತ್ತು, ಸುಮ್ಮನಿದ್ದೆ."

ಬುಗುರಿ ಶೂ ಲೇಸ್ ಬಿಚ್ಚುತ್ತಲೇ ಇದ್ದಳು. "ಹೇಳಬೇಕಿತ್ತು," ಎಂದಳು, ಅಷ್ಟೇ.

ಇನ್ನೂ ಎರಡು ವರ್ಷ ಆಡಿದಳು. ವಿಕೆಟ್ ಅಪರೂಪವಾಯಿತು, ರನ್ ಮಾತ್ರ ಬಿಟ್ಟುಕೊಡುತ್ತಿರಲಿಲ್ಲ. ಪತ್ರಿಕೆಗಳು ಅವಳನ್ನು ಮರೆತವು. ಮೈದಾನದಲ್ಲಿ ನಾಯಕಿ ಹೇಳಿದ ಕಡೆ ಫೀಲ್ಡ್ ನಿಲ್ಲಿಸುತ್ತಿದ್ದಳು, ಹೊರಗೆ ಒಬ್ಬಳೇ ಉಣ್ಣುತ್ತಿದ್ದಳು.

ಕೊನೆಯ ಪಂದ್ಯದ ಸಂಜೆ ಬಸ್ಸಿನಲ್ಲಿ ಕೀಪರ್ ಅವಳ ಸೀಟಿನ ಬಳಿ ಬಂದು ನಿಂತಳು. ಬುಗುರಿ ಪಕ್ಕದಲ್ಲಿದ್ದ ಚೀಲವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಹೋಟೆಲ್ ಬರುವವರೆಗೆ, ಆ ಮಾತಿನಮಲ್ಲಿಯೂ ಸೇರಿ, ಇಬ್ಬರೂ ತುಟಿ ಬಿಚ್ಚಲಿಲ್ಲ.