ಕಿವಿಗೊಡುವ ರೇಡಿಯೊ

ಮೊನ್ನೆ ಭಾನುವಾರ ಕ್ಯಾಸಂಬಳ್ಳಿಯ ಕೇಬಲ್ ಸರೋಜಮ್ಮ ನಮ್ಮ ಮನೆಗೆ ಬಂದರು. ಟವೆಲ್ಲಿನಲ್ಲಿ ಸುತ್ತಿದ್ದ ಎಲ್‌ಎನ್‌ಬಿ ತೆಗೆದು ಟೀಪಾಯ್ ಮೇಲಿಟ್ಟರು. (ದೊಡ್ಡ ಡಿಶ್ಶಿನ ಎದುರು ನಿಂತು ಉಪಗ್ರಹದ ಸಿಗ್ನಲ್ ಹಿಡಿಯುವ ಡಬ್ಬಿ ಅದು.)

“ಇಟ್ಕೊಳ್ಳಿ ಸಾರ್. ಕೇಬಲ್ ನಿಲ್ಲಿಸ್ಬುಟ್ಟೆ. ನಿಮ್ಗೆ ಪಾಠ ಮಾಡಕಾದ್ರೂ ಆಯ್ತದೆ.”

ಟೀ ಕೂಡ ಮುಟ್ಟಲಿಲ್ಲ.

ನಾನು ಕೆಜಿಎಫ್‌ನ ಕಾರ್ಖಾನೆಯೊಂದರ ಎಂಜಿನಿಯರ್. ಕಾಲೇಜಿನವರು ಕರೆದರೆ ‘ಕಾಗ್ನಿಟಿವ್ ರೇಡಿಯೊ’ ಬಗ್ಗೆ ಭಾಷಣವನ್ನೂ ಬಿಗಿಯುತ್ತೇನೆ. ಬಲು ಸಭ್ಯ ಯಂತ್ರ ಅದು. ಉಪಗ್ರಹಕ್ಕೆ ಕೊಟ್ಟ ತರಂಗಾಂತರದಲ್ಲಿ ಮಾತಾಡುವ ಮೊದಲು ಕಿವಿಗೊಡುತ್ತದೆ. ಹಕ್ಕುದಾರ ಅಲ್ಲಿದ್ದರೆ ಬಾಯಿ ಮುಚ್ಚಿಕೊಂಡು ಬೇರೆ ಜಾಗ ಹುಡುಕುತ್ತದೆ. ಇಷ್ಟು ಹೇಳಿದರೆ ಚಪ್ಪಾಳೆ ಗ್ಯಾರಂಟಿ.

ಯುಗಾದಿಗೆ ಮುಂಚೆಯೂ ಸರೋಜಮ್ಮ ಬಂದಿದ್ದರು. ತಾವೇ ಏಣಿ ಹತ್ತಿ ಊರಿಗೆಲ್ಲ ವೈರ್ ಎಳೆದ ಹೆಂಗಸು.

“ಎದುರು ಮಾಳಿಗೆ ಮೇಲೆ ಫೈವ್ ಜಿ ಟವರ್ ಬತ್ತಾ ಐತೆ ಸಾರ್. ಡಿಶ್ ಎತ್ತಿ ಮನೆ ಇತ್ತಲ ಬಂಡೆ ಮರೆಗೆ ಆಕ್ಲಾ? ಆ ಜಾಗ ಮೈದ ಮನೆ ಕಟ್ಟಕ್ಕೆ ಕೇಳ್ತಾವ್ನೆ, ಕೊಡಾಕ್ ಮುಂಚೆ...”

ಮುಗಿಸಲು ಬಿಟ್ಟೆನೇ? ತರಂಗಾಂತರಗಳ ಚಾರ್ಟ್ ಬಿಡಿಸಿದೆ. ಟವರ್‌ನದು ಇಲ್ಲಿ, ಉಪಗ್ರಹದ್ದು ಅಲ್ಲಿ, ನಡುವೆ ಖಾಲಿ ಬಿಟ್ಟಿದ್ದಾರೆ. ಅರ್ಧ ಗಂಟೆ ಕೊರೆದೆ. ಏನೂ ಆಗಲ್ಲ, ಜಾಗ ಕೊಟ್ಟುಬಿಡಿ ಅಂದೆ. ಬೈಕ್ ಹತ್ತಿ ಹೋಗಿ ಅವರ ಮಾಳಿಗೆ ನೋಡಬಹುದಿತ್ತು. ಯಾಕೆ ನೋಡಬೇಕು, ಚಾರ್ಟ್ ಇದೆಯಲ್ಲ!

ಮೈದ ಅಲ್ಲಿ ಮನೆ ಕಟ್ಟಿದ, ಡಿಶ್ ಸರಿಸಲು ಬೇರೆ ಜಾಗ ಉಳಿಯಲಿಲ್ಲ. ಟವರ್ ಎದ್ದಿತು, ಡಿಶ್ಶಿನ ಮುಖಕ್ಕೇ ಎದುರಾಗಿ. ಆನ್ ಆದ ದಿನದಿಂದ ಟಿವಿಯಲ್ಲಿ ಚಿತ್ರವೆಲ್ಲ ಚೂರುಚೂರು. ಅಷ್ಟು ಹತ್ತಿರದಿಂದ ಅರಚಿದರೆ ಚಾರ್ಟಿನ ಖಾಲಿ ಜಾಗ ಏನು ಮಾಡೀತು? ಫಿಲ್ಟರ್ ಹಾಕಿಸಿದೆ, ಪ್ರಯೋಜನವಾಗಲಿಲ್ಲ. ಟವರಿನವರಿಗೆ ಫೋನ್ ಮಾಡಿದರೆ “ನಮ್ಮದೆಲ್ಲ ರೂಲ್ಸ್ ಪ್ರಕಾರ ಸರ್” ಎಂದರು. (ನನ್ನದೂ ರೂಲ್ಸ್ ಪ್ರಕಾರವೇ ಇತ್ತು.) ಒಂದೊಂದೇ ಮನೆಯವರು ಕನೆಕ್ಷನ್ ತೆಗೆಸಿದರು. ಎಳೆದ ಕೈಯಿಂದಲೇ ಸರೋಜಮ್ಮ ವೈರ್ ಸುತ್ತಿಕೊಂಡು ಬಂದರು.

ನಾಚಿಕೆಯಾಯಿತು. “ಟವರಿನವರು ಮೋಸ ಮಾಡಿದ್ರು ಸರೋಜಮ್ಮ” ಅಂದೆ. ಆಗಲೂ ತಪ್ಪನ್ನು ಟವರಿನವರ ಮೇಲೇ ಹಾಕಿದೆ ನೋಡಿ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದವರು ತಿರುಗಿದರು. “ಅವ್ರನ್ನ ನಾನೇನೂ ಕೇಳಿರ್ಲಿಲ್ಲ ಸಾರ್. ನಿಮ್ಮುನ್ನ ಕೇಳಿದ್ದೆ.”

ಮುಂದಿನ ವಾರ ಬಂಗಾರಪೇಟೆಯ ಕಾಲೇಜೊಂದರಲ್ಲಿ ನನ್ನ ಭಾಷಣ. ಮಾತಾಡುವ ಮೊದಲು ಕಿವಿಗೊಡುವ ರೇಡಿಯೊ ಬಗ್ಗೆ. ಮಕ್ಕಳಿಗೆ ತೋರಿಸಲು ಈ ಎಲ್‌ಎನ್‌ಬಿ ಒಯ್ಯಬಹುದು. ಇದು ಯಾರದು ಸಾರ್ ಎಂದು ಅವರಲ್ಲೊಬ್ಬರು ಕೇಳಿದರೆ?