ಹನ್ನೊಂದು ಮನೆ ಮೊಸರನ್ನ

ಏನ್ರಪ್ಪಾ, ಇವತ್ತು ಮೊಮ್ಮಗಳು ಕೋಡ್ ಬರೀತಿದ್ದಾಗ ಲ್ಯಾಪ್‌ಟಾಪು ಏನೋ ತಪ್ಪಿದೆ ಅಂತ ಹಳದಿ ಗೆರೆ ಎಳೀತು. "ಏನಮ್ಮಾ ಅದು?" ಅಂದೆ.

"ತಾತಾ, ಎಲ್ಲಾರಿಗೂ ಮ್ಯಾಚ್ ಆಗೋ ರೂಲ್ ಫಸ್ಟ್ ಬರ್ದೆ. ಸೋ ದ ರೆಸ್ಟ್ ವಿಲ್ ನೆವರ್ ರನ್."

ಎಂಬತ್ತರ ದಶಕದಲ್ಲಿ ನನಗೆ ಇಷ್ಟು ಹೇಳೋರು ಯಾರೂ ಇರಲಿಲ್ಲ! ಈ ಪರದೇಶದಲ್ಲಿ, ನಮ್ಮ ಬೆರ್ರಿಯೆಸಾ ಬಡಾವಣೆಯಲ್ಲಿ, ಹನ್ನೊಂದು ಕನ್ನಡ ಕುಟುಂಬ ಸೇರಿ ಯುಗಾದಿ ಊಟ. ಯಾರು ಏನು ತರಬೇಕು ಅಂತ, ಹೊಸದಾಗಿ ಕಲಿತ, ಫಂಕ್ಷನಲ್ ಅನ್ನೋ ಜಾತಿಯ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದೆ. ಉಡುಪಿ ಕುಟುಂಬಕ್ಕೆ ಸಾರು, ಮೈಸೂರು ಕುಟುಂಬಕ್ಕೆ ಒಬ್ಬಟ್ಟು. ಆದರೆ "ಯಾವ ಕುಟುಂಬವಾದರೂ ಮೊಸರನ್ನ" ಅನ್ನೋ ಸಾಲನ್ನ ಎಲ್ಲಕ್ಕಿಂತ ಮೇಲೆ ಬರೆದುಬಿಟ್ಟಿದ್ದೆ. ಕಂಪ್ಯೂಟರ್ ಮೇಲಿಂದ ನೋಡ್ಕೊಂಡು ಬರುತ್ತೆ. ಉಡುಪಿಯವರೂ ಕುಟುಂಬವೇ, ಮೈಸೂರಿನವರೂ ಕುಟುಂಬವೇ. ಮೊದಲನೇ ಸಾಲಲ್ಲೇ ನಿಂತುಬಿಡ್ತು. ನಾನೂ ಓದಿ ನೋಡದೆ ಪ್ರಿಂಟ್ ತೆಗೆದು ಮನೆಮನೆಗೆ ಪೋಸ್ಟ್ ಮಾಡಿದೆ.

ಹಬ್ಬದ ದಿನ ಹನ್ನೊಂದು ಪಾತ್ರೆ ತೆಗೆದರೆ ಹನ್ನೊಂದೂ ಮೊಸರನ್ನ! ನನ್ನ ಹೆಂಡತಿ ಎಲ್ಲರೆದುರೇ ಕೇಳಿದಳು, "ಯಾಕ್ರೀ, ನಿಮ್ಮ ಕಂಪ್ಯೂಟರಿಗೆ ಹೊಟ್ಟೆ ಕೆಟ್ಟಿತ್ತಾ?"

ಒಂದರಲ್ಲಿ ಶುಂಠಿ, ಒಂದರಲ್ಲಿ ದಾಳಿಂಬೆ, ಇನ್ನೊಂದರಲ್ಲಿ ಬಾಳಕದ ಮೆಣಸಿನಕಾಯಿ. ನಗ್ತಾ ನಗ್ತಾ ಎಲ್ಲಾ ಖಾಲಿ ಮಾಡಿದ್ವಿ.

ಈಗ ಯುಗಾದಿಗೆ ಕೇಟರಿಂಗು. ಎಲ್ಲಾ ಐಟಮ್ಮೂ ಇರುತ್ತೆ, ಯಾರ ಮನೇದು ಅಂತ ಮಾತ್ರ ಗೊತ್ತಾಗಲ್ಲ.